ಇಪ್ಪತ್ತೆರಡನೇ ಪುಟದ ಕೈ

ಜೂನ್ 3, ಬೆಳಿಗ್ಗೆ 6

ನಿಬ್ಬು ಮತ್ತೆ ಕೆಟ್ಟಿತು. ಹೊಸದಕ್ಕೆ ಮಿರಜಿಗೇ ಹೋಗಬೇಕು. ಎಂಟಕ್ಕೆ ಪ್ರೆಸ್ಸಿನ ಕೆಲಸ — ಅರಿಶಿನ ಪಾಕೀಟಿನ ಲೇಬಲ್ಲು. ಅದಕ್ಕೂ ಮೊದಲಿನ ಎರಡು ತಾಸು ನನ್ನದು. ‘ಪೂರಭೈರವ’, ಅಂದರೆ ಪ್ರವಾಹದ ಭೈರವ, ಮೂರನೇ ಸಂಚಿಕೆ, ಇಪ್ಪತ್ತೊಂದು ಪುಟ ಮುಗಿದವು. ಕಡೆಯದೊಂದೇ ಬಾಕಿ.

ಕಾಮಿಕ್ ನಮ್ಮ ಗೌರವನದು, ಅಚ್ಚು ಹಾಕಿಸುವವನು ಅವನೇ. ಕಥೆಯೂ ಅವನದೇ, ಆದರೆ ಬರೆದುಕೊಡುವುದಿಲ್ಲ ಮಹಾಶಯ. ವಾಯ್ಸ್ ಮೆಸೇಜು! ಇವತ್ತಿನದು: “ಹರ್ಷದಾ, ಕಡೀ ಪುಟ ಪೂರಾ ಒಂದ ಚಿತ್ರ. ತಾಯಿ ನೀರಾಗ ಮುಳಗಾಕತ್ತಾಳ. ಭೈರವ ಮ್ಯಾಲಿಂದ ಬಂದು ಕೈ ಹಿಡದು ಎತ್ತತಾನ. ನೋಡಿದವರ ಎದಿ ಧಡಧಡ ಅನಬೇಕ ನೋಡು!”

ತಾಯಿ! ಮೊದಲನೇ ಸಂಚಿಕೆಯಲ್ಲಿ ಭೈರವನ ತಾಯಿಯನ್ನು ಸಾಯಿಸಿದ್ದು ನನ್ನ ಇದೇ ಕೈ. ಇರಲಿ... ಸೂಪರ್‌ಹೀರೋ ಕಥೆಗಳಲ್ಲಿ ಸತ್ತವರು ತಿರುಗಿ ಬರುತ್ತಾರೆ. ಬಂದಳು ಅಂದುಕೊಂಡೆ. ಖುಷಿಯಾಯಿತು.

ಜೂನ್ 9

ಮುಗಿಯಿತು. ಮುಖ ಅವ್ವನದು, ಬೇಕಂತಲೇ. ಕೈಯೂ ಅವಳದೇ — ಮಾಧವನಗರದ ಗಿರಣಿಯಲ್ಲಿ ಮಗ್ಗಕ್ಕೆ ಸಿಕ್ಕು ಸೊಟ್ಟಗಾದ ಕಿರುಬೆರಳು. ಹೋದ ವರ್ಷ ಮಿರಜಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಆ ಕೈ ಹಿಡಿದು ಕೂತಿದ್ದೆ. ಹಿಡಿದದ್ದಷ್ಟೇ; ಅವಳು ಉಳಿಯಲಿಲ್ಲ. ಇಲ್ಲಿ ಭೈರವ ಎತ್ತುತ್ತಾನೆ.

ನೀರೆಲ್ಲ ಕಪ್ಪು ಮಸಿ, ನಡುವೆ ಎರಡು ಕೈ ಮಾತ್ರ ಬೆಳ್ಳಗೆ. ಇಷ್ಟು ಚೆನ್ನಾಗಿ ಇನ್ನೊಮ್ಮೆ ಬರೆಯಲಾರೆ. ಅಪ್ಪನಿಗೆ ತೋರಿಸಿಲ್ಲ. ಅಚ್ಚಾಗಿ ಬರಲಿ.

ಜೂನ್ 10

ಗೌರವ ನಕ್ಕ. ಪುಟ ನೋಡಿ ನಕ್ಕನಲ್ಲ, ಹಲ್ಕಟ್!

“ಅಯ್ಯಯ್ಯ, ಈ ಮುದುಕಿ ಯಾರಬೇ?”

“ನೀನ ತಾಯಿ ಅಂದಿದ್ದಿ.”

“ಮರಾಠಿ ತಾಯಿ! ಅವನ ಅಕ್ಕ! ಅಷ್ಟೂ ತಿಳೀಲಿಲ್ಲೇನ ನಿನಗ?”

ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ — ಅವನ ಹಣೆಬರಹವೂ ಅದೇ, ನನ್ನದೂ ಅದೇ. ಇಡೀ ಮಾತು ಕನ್ನಡದಲ್ಲಿ ಆಡಿ ನಡುವೆ ಒಂದು ಮರಾಠಿ ಶಬ್ದ ತುರುಕಿದರೆ ನನಗೇನು ಕನಸು ಬಿದ್ದಿರುತ್ತದೆಯೇ?

“ಹಂಗಾರ ಕಥಿ ಬದಲ ಮಾಡು. ಅವನ ಅವ್ವನೇ ತಿರುಗಿ ಬರಲಿ” ಅಂದೆ.

“ಸತ್ತಾಕಿ ಹ್ಯಾಂಗ ಬರ್ತಾಳ? ಓದವ್ರು ನಗತಾರ.”

ಭೈರವ ಹಾರಬಹುದು. ಒಂದೇ ಕೈಯಲ್ಲಿ ಸೇತುವೆ ಎತ್ತಬಹುದು. ಅದಕ್ಕೆ ಯಾರೂ ನಗುವುದಿಲ್ಲ!

ಅದು ನಮ್ಮವ್ವ ಅಂತ ಹೇಳಿಯೇಬಿಟ್ಟೆ. ಪುಟ ಮೇಜಿನ ಮೇಲಿಟ್ಟ. ಆಮೇಲೆ ಮೆಲ್ಲಗೆ — “ಮಾರಿ ಅಷ್ಟ ಬದಲ ಮಾಡು. ಉಳಿದದ್ದು ಛಲೋ ಐತಿ.”

ಮುಖವಷ್ಟೇ ಅಂತೆ! ಅಳಿಸುವುದಿಲ್ಲ ಅಂದೆ. ಬಾಗಿಲು ಬಡಿದು ಬಂದೆ.

ಸಂಜೆ

ಪುಟ ಅವನ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೇನೆ. ಎಂಥ ದಡ್ಡಿ ನಾನು.

ಜೂನ್ 12

ಪುಟ ತರಲು ಹೋದೆ. ಆಫೀಸಿಗೆ ಕೀಲಿ. ಮೆಸೇಜು ಬಂತು: “ಪುಣೆಗೆ ಬಂದೇನಿ, ಅಚ್ಚಿಗೆ. ಸಿಟ್ಟಾಗಬ್ಯಾಡ.” ಆಗಬಾರದಂತೆ...

ಜುಲೈ 6

ಸಾಂಗಲಿ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ನಮ್ಮ ಸಂಚಿಕೆ ನೇತುಹಾಕಿದ್ದರು. ನಾನೇ ಕೊಂಡೆ. ನಿಂತಲ್ಲೇ ಕಡೆಯ ಪುಟ ತೆಗೆದೆ.

ಗೌರವ ಯಾರ ಕೈಯಿಂದಲೋ ಕಂಪ್ಯೂಟರಿನಲ್ಲಿ ಮುಖ ಬದಲು ಮಾಡಿಸಿದ್ದಾನೆ. ತೆಳ್ಳನೆ ಹುಬ್ಬು, ಗುಲಾಬಿ ತುಟಿ, ಪ್ರವಾಹದಲ್ಲೂ ಕೆದರದ ಕೂದಲು. ಅವ್ವನ ಕುತ್ತಿಗೆಯ ಮೇಲೆ! ಕೆಳಗೆ — ಚಿತ್ರ: ಹರ್ಷದಾ. ಮೈಯೆಲ್ಲ ಉರಿಯಿತು. ರಿಕ್ಷಾದಲ್ಲಿ ಪಕ್ಕದ ಹೆಂಗಸು ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು. ಪಾಪ, ಅವಳ ಮೇಲೂ ಹರಿಹಾಯ್ದೆ. ಹರಿದು ಬಿಸಾಡಬೇಕೆಂದೇ ಮನೆಗೆ ತಂದೆ.

ಜುಲೈ 7, ಬೆಳಿಗ್ಗೆ

ಹರಿಯೋಣವೆಂದು ಹುಡುಕಿದರೆ ಅಪ್ಪನ ಕೈಯಲ್ಲಿದೆ. ಕುಪವಾಡದ ಕಾರ್ಖಾನೆಗೆ ಹೊರಟವರು. ಬುತ್ತಿ ಡಬ್ಬಿ ತೊಡೆಯ ಮೇಲೆ, ಕನ್ನಡಕ ಮೂಗಿನ ತುದಿಯಲ್ಲಿ. ನಾನು ಅವರಿಗೆ ಏನೂ ಹೇಳಿಲ್ಲ — ಅವ್ವನ ಮುಖದ್ದೂ ಇಲ್ಲ, ಜಗಳದ್ದೂ ಇಲ್ಲ.

“ಕೊಡ್ರಿ ಅಪ್ಪಾ. ಅದು ಕೆಟ್ಟೈತಿ.”

ಕೊಡಲಿಲ್ಲ. ಅವರ ಬೆರಳು ಆ ಸುಂದರಿಯ ಮುಖ ದಾಟಿತು, ತೋಳು ದಾಟಿತು, ಸೊಟ್ಟಗಾದ ಕಿರುಬೆರಳಿನ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು.

“ಇದು ಅಲಕಾನ ಕೈ” ಅಂದರು, ಅವ್ವನ ಹೆಸರು ಹಿಡಿದು.

ಪುಟ ತಿರುವಿದರು. ಮುಂದೆ ಜಾಹೀರಾತು. ಮತ್ತೆ ಹಿಂದಕ್ಕೆ ತಿರುವಿದರು.

“ಅಕಿನ್ನ ಎತ್ತಿದನೋ ಇಲ್ಲೋ, ಮಗಾ?”

“ಹೌದ್ರಿ ಅಪ್ಪಾ, ಎತ್ತಿದ” ಅಂದೆ.