ಚಿಪ್ಪಿನ ಹೊರಗೆ

ಜುಲೈ ೧೪, ಮಂಗಳವಾರ

ನನ್ನ ಮುದ್ದಿನ ತಂಗಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಮೂತಿ ಊದಿಸಿಕೊಂಡಿರುತ್ತೀಯ, ಗೊತ್ತು. ಏನು ಮಾಡಲಿ, ಈಗ ನನ್ನ ಕೈಯಲ್ಲಿ ಪೆನ್ನಿಗಿಂತ ಬೆಸುಗೆ ಕಡ್ಡಿಯೇ ಹೆಚ್ಚು. ಲಕ್ವ ಹೊಡೆದು ನಿನ್ನ ಭಾವನ ಬಲಗೈ ಬಿದ್ದ ಮೇಲೆ, ರೇಡಿಯೊ ರಿಪೇರಿ ಅಂಗಡಿಯನ್ನು ಬಾಡಿಗೆಗೆ ಕೊಡೋಣ ಎಂದ ಮೈದುನ. ನಾನು ಹೋಗಿ ಅವರ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಮೊದಲು ಬಂದವನು ಎದುರಿನ ಕಟಿಂಗ್ ಶಾಪಿನವನು. ಅವನ ವಾಲ್ವ್ ರೇಡಿಯೊ ಹಾಡಿಗಿಂತ ಜೋರಾಗಿ ಗುಂಯ್‌ಗುಡುತ್ತಿತ್ತು. ತಂದನೇ ಹೊರತು ಪೆಟ್ಟಿಗೆಯನ್ನು ಕೈಬಿಡಲೊಲ್ಲ.

“ಬೇಜಾರು ಮಾಡ್ಕೋಬೇಡಿ ಅಕ್ಕಾ. ನೀವು ಮುಟ್ಟಿದ್ರೆ ರೇಡಿಯೊ ಗುಬ್ಬಿ ಗೂಡು ಕಟ್ಟೋಕಷ್ಟೇ ಲಾಯಕ್ಕಾಗುತ್ತೆ ಅಂದ್ರು ಒಬ್ರು.”

“ನೀನು ಮೊದಲು ಕತ್ತರಿ ಹಿಡಿದಾಗ ಊರೆಲ್ಲ ಕಿವಿ ಮುಚ್ಕೊಂಡು ಕೂತಿರಲಿಲ್ವಾ? ಇಟ್ಟು ಹೋಗು. ಹಾಡದಿದ್ರೆ ಅಂಗಡಿಗೆ ನಾನೇ ಬೀಗ ಹಾಕ್ತೀನಿ.”

ಬಿಚ್ಚಿದರೆ, ಎಣಿಸಿದಂತೆಯೇ ಕೆಪಾಸಿಟರ್‌ಗಳು ಒಣಗಿದ್ದವು. ಮುದಿಯಾದ ಮೇಲೆ ಅವು ಕರೆಂಟನ್ನು ಸಮ ಮಾಡಲಾರವು. ಅದಕ್ಕೇ ಆ ಗೊಣಗಾಟ. ನಿನ್ನ ಭಾವನ ಪದ್ಧತಿಯೆಂದರೆ, ಹಳೆಯದರ ಹೊಟ್ಟೆ ಬಗೆದು, ಖಾಲಿ ಚಿಪ್ಪಿನೊಳಗೆ ಹೊಸದನ್ನು ಅಡಗಿಸಿ ಮೇಣ ತುಂಬುವುದು. ಯಾರೂ ಮುಟ್ಟೇ ಇಲ್ಲವೆಂಬಂತೆ ಕಾಣಬೇಕು. ಮದುವೆಯಾದಾಗಿನಿಂದ ತುಂಬುವುದೂ ಬೆಸೆಯುವುದೂ ನನ್ನ ಕೆಲಸ, ಹೆಸರು ಅವರದು. ಈ ಸಲ ಚಿಪ್ಪುಗಳನ್ನು ಕಸದ ಡಬ್ಬಿಗೆ ಎಸೆದೆ. ಹೊಸವನ್ನು ಹೊಸವಾಗಿಯೇ, ಎಲ್ಲರಿಗೂ ಕಾಣುವಂತೆ ಬೆಸೆದೆ.

ಮೊದಲ ಸಲ ಕರೆಂಟು ಕೊಡುವಾಗ ನಡುವೆ ಒಂದು ಬಲ್ಬು ಸೇರಿಸುತ್ತೇವೆ. ಒಳಗೆ ತಪ್ಪಿದ್ದರೆ ಅದು ಧಗ್ಗನೆ ಉರಿಯುತ್ತದೆ. ಕಟಿಂಗ್ ಶಾಪಿನವನು ಬಾಗಿಲಾಚೆಯೇ ನಿಂತ, ಪುಣ್ಯಾತ್ಮ. ಬಲ್ಬು ಒಮ್ಮೆ ಮಿನುಗಿ ಮಂಕಾಯಿತು. ಆಮೇಲೆ ಹಾಡು ಬಂತು ನೋಡು, ಗುಂಯ್ ಎನ್ನುವುದು ಹೆಸರಿಗೂ ಇಲ್ಲ. ಅಷ್ಟರಲ್ಲಿ ಮೈದುನ ಬಂದು, “ಅತ್ತಿಗೆ, ಅಂಗಡಿ ನೋಡೋಕೆ ಬಾಡಿಗೆಯವರು ಬಂದಿದ್ದಾರೆ” ಎಂದ.

“ಕೂರಿಸು, ಹಾಡು ಕೇಳ್ಲಿ” ಎಂದೆ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ

ತಾ.ಕ.: ಗುಬ್ಬಿ ಗೂಡಿನ ಮಾತಾಡಿದ ಆ ‘ಒಬ್ರು’ ಮೈದುನ ಎಂದುಕೊಂಡಿದ್ದೆ. ರೇಡಿಯೊ ಒಯ್ಯುವಾಗ ಕಟಿಂಗ್ ಶಾಪಿನವನು ಬಾಯಿಬಿಟ್ಟ. ಹಾಗಂದವರು ನಿನ್ನ ಭಾವನೇ ಅಂತೆ. ಅವತ್ತು ಹಾಡು ಕೇಳಿ ಅವರೂ ಮನೆಯಿಂದ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದಿದ್ದರು; ರೇಡಿಯೊದ ಬೆನ್ನಿನೊಳಗೆ ಬಗ್ಗಿ ನೋಡಿ, “ಚಿಪ್ಪು ಎಲ್ಲಿ?” ಎಂದು ಕೇಳಿದ್ದರು. “ಕಸದಲ್ಲಿ” ಎಂದಿದ್ದೆ. ಅಂದಿನಿಂದ ನನ್ನೊಡನೆ ಮಾತಿಲ್ಲ. ತಟ್ಟೆಯನ್ನು ಅವರ ಎಡಗೈಗೆ ಎಟುಕುವ ಹಾಗೆ ಇಡುತ್ತೇನೆ. ಸ್ಟೂಲು ಮಾತ್ರ ಬಿಟ್ಟುಕೊಡುವುದಿಲ್ಲ.