ಉಜ್ಜಿಟ್ಟ ಮೆಸ್ ಟಿನ್

ಹೊಳೆನರಸೀಪುರ, ಡಿಸೆಂಬರ್ ೧೪, ಭಾನುವಾರ

ಸಾಕತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿಲ್ಲ. ಇವತ್ತು ಅಪ್ಪನ ಹನ್ನೊಂದನೇ ದಿನದ ತಿಥಿ. ಎಡೆ ಇಡಲೆಂದು ಅಪ್ಪನ ಮೆಸ್ ಟಿನ್ನನ್ನು, ಅವನ ಮಿಲಿಟರಿ ಅಡುಗೆ ಡಬ್ಬಿಯನ್ನು, ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ಉಜ್ಜಿಟ್ಟಿದ್ದಳು.

"ನಮ್ಮಣ್ಣ ಮಸಿ ಡಬ್ಬೀಲಿ ಉಣ್ಬೇಕೇನವ್ವ? ನೋಡು, ಬೆಳ್ಳಿ ಬಟ್ಲಂಗೆ ಹೊಳೀತದೆ" ಅಂದಳು. ಉಜ್ಜಿ ಉಜ್ಜಿ ಅವಳ ಬೆರಳೆಲ್ಲ ಕಪ್ಪಾಗಿದ್ದವು.

ಆ ಮಸಿ ನನ್ನದು, ಅಪ್ಪನದು. ರಜೆಯಲ್ಲಿ ಊರಿಗೆ ಬಂದಾಗೆಲ್ಲ ನನ್ನನ್ನು ಗೊರೂರಿನ ಹಿನ್ನೀರಿಗೆ ಕರೆದೊಯ್ದು ಟೆಂಟ್ ಹಾಕುತ್ತಿದ್ದ. ಮೂರು ಕಲ್ಲು ಹೂಡಿ, ದೊಡ್ಡ ಡಬ್ಬಿಯಲ್ಲಿ ಅನ್ನ, ಅದರೊಳಗೆ ಕೂರುವ ಚಿಕ್ಕ ಡಬ್ಬಿಯಲ್ಲಿ ಟೀ. ಒಮ್ಮೆ ನಾನು ತಳವನ್ನು ಮರಳಿನಲ್ಲಿ ತಿಕ್ಕಲು ಹೋದಾಗ ಕಿತ್ತುಕೊಂಡಿದ್ದ.

"ಒಳಗ್ ಮಾತ್ರ ತೊಳಿ ಕಣವ್ವ. ತಳ ಕರ್ರಗಿದ್ರೆ ಬಿರ್ನೆ ಕಾಯ್ತದೆ."

ಇಪ್ಪತ್ತು ವರ್ಷ ನಾವಿಬ್ಬರೂ ಹಚ್ಚಿದ ಬೆಂಕಿಯೆಲ್ಲ ಆ ತಳದಲ್ಲಿತ್ತು. ಬಚ್ಚಲಿಗೆ ಹೋಯಿತು.

ನೆಂಟರೆಲ್ಲ ಹೊರಟ ಮೇಲೆ ಡಬ್ಬಿಗೆ ನೀರು ಹಾಕಿ ಸ್ಟವ್ ಮೇಲಿಟ್ಟೆ. ನೀರು ಪೂರ್ತಿ ಇಂಗುವವರೆಗೂ ಅಲ್ಲೇ ನಿಂತಿದ್ದೆ. ಗ್ಯಾಸಿನ ಉರಿಗೆ ಮಸಿ ಹಿಡಿಯುವುದಿಲ್ಲ ಅಂತ ಗೊತ್ತಿದ್ದೂ, ತಳ ಮಗುಚಿ ನೋಡಿದೆ.