ಕೊನೆಯ ಸಾಲಿಗೂ ಕೇಳಿಸಿದ ಅಮ್ಮ

ಮನೆ ಮಾಲೀಕರಿಗೆ, ಮಹಡಿ ಮೇಲಿನವಳ ನಮಸ್ಕಾರ.

ಊರಿಂದ ಬಂದಿರುವ ನನ್ನಮ್ಮ ಬೆಳಬೆಳಗ್ಗೆ ಅಡುಗೆಮನೆಯಲ್ಲಿ ಗಂಟಲು ಹರಿದುಕೊಳ್ಳುತ್ತಾರೆಂದು ನೀವು ಬರೆದ ಚೀಟಿ ತಲುಪಿತು. ಅಪ್ಪನೂ ಮದುವೆಯಾದಾಗಿನಿಂದ "ಮೆತ್ತಗೆ ಹಾಡೇ" ಎನ್ನುತ್ತಲೇ ಬಂದಿದ್ದಾರೆ.

ನಿನ್ನೆ ಇಬ್ಬರಿಗೂ ಈ ನಗರ ತೋರಿಸಿದೆ. ವಾದ್ಯಗಳ ಮ್ಯೂಸಿಯಂನಲ್ಲಿ ಅಪ್ಪ ಆಕಳಿಸಿದರು. ಆಮೇಲೆ ಹಳೆಯ ಸಂಗೀತ ಭವನಕ್ಕೆ ಹೋದೆವು.

"ಇಲ್ಲಿ ಮೈಕೇ ಬೇಡ. ಯಾರಾದ್ರೂ ವೇದಿಕೆ ಹತ್ತಿ ಹಾಡಿ ನೋಡಿ" ಎಂದ ಗೈಡ್. ಎಲ್ಲರೂ ನೆಲ ನೋಡಿದರು. ಅಮ್ಮ ಕೈಚೀಲವನ್ನು ನನಗೆ ಕೊಟ್ಟು ಮೆಟ್ಟಿಲು ಹತ್ತಿದರು.

ಹಾಡು ಮುಗಿಯಿತು. ಕಾಲುನೋವೆಂದು ಕೊನೆಯ ಸಾಲಿನಲ್ಲಿ ಕೂತಿದ್ದ ಅಪ್ಪ ಎದ್ದು ನಿಂತು ಕೂಗಿದರು: "ಇಲ್ಲಿಗೂ ಕೇಳಿಸ್ತು ಕಣೇ! ಇನ್ನೊಂದು ಹಾಡು!"

ಅಮ್ಮ ಭಾನುವಾರದವರೆಗೆ ಇರುತ್ತಾರೆ. ಬೇಕಿದ್ದರೆ ಕಿಟಕಿ ಮುಚ್ಚಿಕೊಳ್ಳಿ. ತೆರೆದಿಟ್ಟರೆ ನಿಮ್ಮ ಪುಣ್ಯ.

ಇಂತಿ,
ಆ ಗಂಟಲಿನ ಮಗಳು